ಎರಡು ವರ್ಷದ ಬಿಳಿ ಸ್ವೀಟ್ ಕ್ಲೋವರ್: ದುಂಬಿಗಳು ಬಂದವು, ಆದರೆ ಗಿಡ ಬೇಲಿ ದಾಟಿದೆ. ಏನು ಮಾಡಲಿ?

ಬದುವಿನ ಹೂ · ಜೂನ್ 2024

ಎಲ್ಲರಿಗೂ ನಮಸ್ಕಾರ. ಮಿನೆಸೋಟದ ರಾಚೆಸ್ಟರ್ ಊರಾಚೆ ನಮ್ಮ ಮನೆ. ಹಿಂದುಗಡೆ ಅರ್ಧ ಎಕರೆ ಜಾಗವಿದೆ. ಅದರ ಆಚೆ ಮಳೆನೀರಿನ ಕಾಲುವೆ. ಕಾಲುವೆ ದಾಟಿದರೆ ಪಕ್ಕದ ಮನೆಯ ಅಜ್ಜನ ಜಮೀನು. ಅದರಲ್ಲಿ ಒಂದು ತುಂಡು ನೇಗಿಲನ್ನೇ ಕಾಣದ ಹಳೇ ಹುಲ್ಲುಗಾವಲು, ಇಲ್ಲಿಯವರು ಪ್ರೇರಿ ಅನ್ನುತ್ತಾರೆ. ಇಷ್ಟು ಹೇಳಿದರೆ ನನ್ನ ತೊಂದರೆ ಏನು ಅಂತ ಕೆಲವರಿಗೆ ಆಗಲೇ ಗೊತ್ತಾಗಿರಬಹುದು.

2022ರ ಏಪ್ರಿಲ್ ಕೊನೆಯಲ್ಲಿ ಬಿಳಿ ಸ್ವೀಟ್ ಕ್ಲೋವರ್ ಬೀಜ ತಂದೆ. ಜೇನುಹುಳಕ್ಕೆ ಒಳ್ಳೆಯದು, ಬರಡು ನೆಲಕ್ಕೂ ಒಳ್ಳೆಯದು ಅಂತ ಓದಿದ್ದೆ. ನಮ್ಮದು ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದುಹಾಕಿದ ಜಾಗ. ಬರೀ ಜೇಡಿ, ಕಲ್ಲು. ಬೀಜದ ಸಿಪ್ಪೆ ಗಟ್ಟಿ ಅಂತ ಎರಡು ಮರಳುಕಾಗದದ ನಡುವೆ ಇಟ್ಟು ಉಜ್ಜಿದೆ. ಕುದುರೆ ಮೆಂತ್ಯಕ್ಕೆ ಹಾಕುವ ರೈಜೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಪುಡಿಯನ್ನೇ ಇದಕ್ಕೂ ಹಚ್ಚಬಹುದು, ಅದನ್ನೂ ಹಚ್ಚಿ ಚೆಲ್ಲಿದೆ.

ಮೊದಲ ವರ್ಷ ನೋಡಿದರೆ ಥೇಟ್ ಮೆಂತ್ಯ ಸೊಪ್ಪು. ಮೂರು ಮೂರು ಎಲೆ, ನಡುವಿನದಕ್ಕೆ ಸ್ವಲ್ಪ ಉದ್ದ ತೊಟ್ಟು, ಅಂಚಿಗೆ ಸಣ್ಣ ಹಲ್ಲು. ಅಮ್ಮ ಊರಿಂದ ಬಂದಿದ್ದಾಗ ಒಂದು ಕಟ್ಟು ಕಿತ್ತು ಅಡುಗೆಮನೆಗೆ ತಂದುಬಿಟ್ಟಿದ್ದರು. ಸಾರಿಗೆ ಹಾಕುವ ಮೊದಲು ನಾನು ನೋಡಿದೆ. ಆ ವರ್ಷ ಒಂದು ಹೂವೂ ಬರಲಿಲ್ಲ. ಗಿಡ ತನ್ನ ಶಕ್ತಿಯನ್ನೆಲ್ಲ ತಾಯಿಬೇರಿಗೆ ಕಳಿಸುತ್ತಿತ್ತು.

ಎರಡನೇ ವರ್ಷ, ಅಂದರೆ 2023ರ ಜೂನ್‌ನಲ್ಲಿ, ಅದು ನನ್ನ ತಲೆಗಿಂತ ಎತ್ತರ ಬೆಳೆದು ನಿಂತಿತು. ಬೆಳಿಗ್ಗೆ ಬಾಗಿಲು ತೆಗೆದರೆ ಜುಂಯ್ ಅನ್ನುವ ಸದ್ದು ಅಡುಗೆಮನೆ ತನಕ ಬರುತ್ತಿತ್ತು. ಹೂವು ಅಕ್ಕಿಕಾಳಿಗಿಂತ ಚಿಕ್ಕದು. ಜೇನು ಕೂತ ಕೂಡಲೇ ಕೆಳಗಿನ ದೋಣಿಯಂಥ ದಳ ಬಾಗುತ್ತದೆ, ಒಳಗಿನ ಕೇಸರ ಹೊರಗೆ ಬಂದು ಅದರ ಗಲ್ಲಕ್ಕೆ ತಾಗುತ್ತದೆ. ಜೇನು ಎದ್ದ ಮೇಲೆ ದಳ ಮತ್ತೆ ಮುಚ್ಚಿಕೊಳ್ಳುತ್ತದೆ. ಇದನ್ನು ನೋಡುತ್ತಾ ನಾನು ಆಫೀಸಿನ ಕರೆಗೆ ತಡವಾಗಿ ಹೋಗಿದ್ದು ಎಷ್ಟು ಸಲವೋ. ಜೇನು, ಬಂಬಲ್ ಬೀ, ಹಸಿರು ಮಿಂಚಿನ ಸಣ್ಣ ದುಂಬಿಗಳು, ನೊಣದಂಥವು, ಕಣಜ, ಎಲ್ಲವೂ ಬಂದವು.

ಹೂವು ಮುಗಿದ ಮೇಲೆ ಗಿಡ ಸತ್ತಿತು. ನಾನು ಹಾಗೇ ಬಿಟ್ಟೆ. ಈ ವರ್ಷ ಅಜ್ಜನ ಹುಲ್ಲುಗಾವಲಿನೊಳಗೆ ಹತ್ತು ಹದಿನೈದು ಅಡಿ ದೂರದವರೆಗೆ ಮೊಳಕೆ ಎದ್ದಿದೆ. ಕಾಲುವೆಯ ದಡದಲ್ಲಿ ಲೆಕ್ಕವಿಲ್ಲ. ನಮ್ಮ ಜಾಗದಲ್ಲಿ ತಡವಾಗಿ ಮೊಳೆತ ಬೀಜದ ಗಿಡಗಳು ಈಗ ಹೂ ಬಿಡಲು ಶುರು ಮಾಡಿವೆ. ಅಜ್ಜ ಬೇಲಿ ಹತ್ತಿರ ಬಂದು, "ಇದು ನಿಮ್ಮ ಕಡೆಯಿಂದ ಬಂದದ್ದಾ?" ಅಂತ ಮೆಲ್ಲಗೆ ಕೇಳಿದರು. ಬೈಯಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು.

ಹೂವಿನ ಮೇಲೆ ಈಗಲೂ ನೂರಾರು ದುಂಬಿ ಇವೆ. ಕೀಳಲಾ, ಬಿಡಲಾ?

ಡಕೋಟ ಜೇನುಪೆಟ್ಟಿಗೆ

ಅಕ್ಕ, ನಾನು ಉತ್ತರ ಡಕೋಟದಲ್ಲಿ ಹನ್ನೆರಡು ಪೆಟ್ಟಿಗೆ ಇಟ್ಟಿದ್ದೇನೆ. ಅಮೆರಿಕದಲ್ಲಿ ಅತಿ ಹೆಚ್ಚು ಜೇನುತುಪ್ಪ ಬರುವ ರಾಜ್ಯ ನಮ್ಮದು. ಅದರಲ್ಲಿ ಈ ಗಿಡದ ಪಾಲು ದೊಡ್ಡದು. ಮೆಲಿಲೋಟಸ್ ಅನ್ನುವ ಇದರ ಶಾಸ್ತ್ರೀಯ ಹೆಸರಿನಲ್ಲೇ ಜೇನಿದೆ, ಗ್ರೀಕ್‌ನಲ್ಲಿ ಮೆಲಿ ಅಂದರೆ ಜೇನು. ಇದರ ಜೇನುತುಪ್ಪ ನೀರಿನಷ್ಟು ತಿಳಿ, ನಾಲಿಗೆಯ ತುದಿಗೆ ದಾಲ್ಚಿನ್ನಿಯ ಹಾಗೆ ಸ್ವಲ್ಪ ಖಾರ.

ಅಗ್ಗದ ಯೂರಿಯಾ ಬರುವ ಮೊದಲು ಇಲ್ಲಿನ ರೈತರು ಹಸಿರೆಲೆ ಗೊಬ್ಬರಕ್ಕೆ ಇದನ್ನೇ ನಂಬಿದ್ದರು. ಬರಡು ನೆಲದಲ್ಲಿ ಬೇರು ಇಳಿಸಿ, ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಇಂಥ ಗಿಡ ಸುಲಭವಾಗಿ ಸಿಗುವುದಿಲ್ಲ. ಪೂರ್ತಿ ಕಿತ್ತುಹಾಕಿ ಅಂತ ಹೇಳಲು ನನಗೆ ಮನಸ್ಸು ಬರುತ್ತಿಲ್ಲ.

ಪ್ರೇರಿ ನಡಿಗೆ

ಡಕೋಟ ಅವರು ಹೇಳಿದ್ದು ಸುಳ್ಳಲ್ಲ. ಸುತ್ತ ಮೈಲಿಗಟ್ಟಲೆ ಗೋಧಿ, ಸೋಯಾ ಇರುವ ಕಡೆ ಅದು ಬೇರೆ ಮಾತು. ಆದರೆ ಅಕ್ಕನ ಮನೆ ಹಿಂದೆ ಇರುವುದು ಉಳುಮೆಯಾಗದ ಪ್ರೇರಿ. ಮಿನೆಸೋಟದಲ್ಲಿ ಒಂದು ಕಾಲಕ್ಕೆ 1 ಕೋಟಿ 80 ಲಕ್ಷ ಎಕರೆ ಪ್ರೇರಿ ಇತ್ತು. ಈಗ ಉಳಿದಿರುವುದು ನೂರಕ್ಕೆ ಒಂದು ಎರಡು ಪಾಲು ಅಷ್ಟೇ. ನಿಮ್ಮ ಅಜ್ಜನ ತುಂಡು ಆ ಒಂದೆರಡು ಪಾಲಿನಲ್ಲಿ ಬರುತ್ತದೆ.

ನಾನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಹತ್ತಿರ ಹತ್ತು ವರ್ಷದಿಂದ ಶನಿವಾರ ಶನಿವಾರ ಪ್ರೇರಿ ಕೆಲಸಕ್ಕೆ ಹೋಗುತ್ತೇನೆ. ನಮ್ಮ ಬೇಸಿಗೆಯ ಅರ್ಧ ಬೆವರು ಈ ಗಿಡಕ್ಕೇ ಹೋಗುತ್ತದೆ. ಯುರೋಪ್, ಏಷ್ಯಾ ಕಡೆಯಿಂದ ಬಂದದ್ದು ಇದು. ಎತ್ತರ ಬೆಳೆದು ಮೊಣಕಾಲೆತ್ತರದ ಸ್ಥಳೀಯ ಹೂಗಳಿಗೆ ಬಿಸಿಲು ಬೀಳದ ಹಾಗೆ ಮಾಡುತ್ತದೆ. ಸಾರಜನಕ ಸೇರಿಸುತ್ತದೆ ಅಂತ ಹೊಗಳುತ್ತೇವೆ, ಆದರೆ ಪ್ರೇರಿಯ ಗಿಡಗಳು ಬಡ ಮಣ್ಣಿಗೇ ಒಗ್ಗಿಕೊಂಡವು. ಮಣ್ಣು ಕೊಬ್ಬಿದರೆ ಕಳೆ ಗೆಲ್ಲುತ್ತದೆ. ಬೆಂಕಿ ಹಾಕಿದರೆ ಪ್ರೇರಿಗೆ ಒಳ್ಳೆಯದು ಅಂತಾರಲ್ಲ, ಆ ಬೆಂಕಿಯ ಬಿಸಿಗೇ ಇದರ ಗಟ್ಟಿ ಬೀಜ ಬಿರಿದು ಮೊಳಕೆ ಒಡೆಯುತ್ತದೆ. ಬೀಜ ಮಣ್ಣಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಜೀವ ಹಿಡಿದಿರುತ್ತದೆ. ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದನ್ನು ಆಕ್ರಮಣಕಾರಿ ಗಿಡ ಅಂತಲೇ ಕರೆಯುತ್ತದೆ.

ಇನ್ನೊಂದು ಮಾತು. ಹೂವಿನ ಮೇಲೆ ದುಂಬಿ ಎಣಿಸಿದರೆ ಸಾಲದು. ಬಂಬಲ್ ಬೀ ರಾಣಿ ವಸಂತದಲ್ಲಿ ಒಬ್ಬಳೇ ಎದ್ದು ಗೂಡು ಶುರು ಮಾಡುತ್ತಾಳೆ. ಹೊಸ ರಾಣಿಯರು ಹುಟ್ಟುವುದು ಬೇಸಿಗೆಯ ಕೊನೆಗೆ. ಅಲ್ಲಿಯವರೆಗೆ ಒಂದಾದ ಮೇಲೆ ಒಂದು ಹೂ ಸಿಗುತ್ತಲೇ ಇರಬೇಕು. ಸ್ವೀಟ್ ಕ್ಲೋವರ್ ನಡುಬೇಸಿಗೆಯಲ್ಲಿ ಹಬ್ಬದೂಟ ಹಾಕುತ್ತದೆ. ಆದರೆ ಏಪ್ರಿಲ್‌ಗೂ ಸೆಪ್ಟೆಂಬರ್‌ಗೂ ಊಟ ಹಾಕುವ ಗಿಡಗಳನ್ನು ಅದೇ ಒತ್ತಿಹಾಕಿದರೆ? ನಿಮ್ಮ ರಾಜ್ಯದ ದುಂಬಿ ಅಂತ 2019ರಲ್ಲಿ ಆರಿಸಿದ್ದು ಬೆನ್ನ ಮೇಲೆ ತುಕ್ಕು ಬಣ್ಣದ ಮಚ್ಚೆ ಇರುವ ಬಂಬಲ್ ಬೀಯನ್ನು. 2017ರಲ್ಲಿ ಅದು ಅಳಿವಿನಂಚಿನ ಪಟ್ಟಿ ಸೇರಿತು. ಅದಕ್ಕೆ ಬೇಕಾದದ್ದು ಇಡೀ ಋತುವಿನ ಊಟ.

ಕೀಳಿ, ಅಕ್ಕ. ಹೇಗೆ ಅಂತ ಬೇಕಿದ್ದರೆ ಬರೆಯುತ್ತೇನೆ.

ತುಡುವೆ

ನಾನು ಶಿರಸಿ ಕಡೆಯವನು, ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ. ಓದಿ ಆಸೆಯಾಯಿತು. ಯಾರಾದರೂ ಬರುವಾಗ ಒಂದು ಮುಷ್ಟಿ ಬೀಜ ತರುತ್ತೀರಾ? ಅಥವಾ ನಮ್ಮಲ್ಲೇ ಇಂಥದ್ದು ಏನಾದರೂ ಇದೆಯಾ?

ಕಪ್ಪುನೆಲ

ತುಡುವೆ ಅಣ್ಣ, ದಯವಿಟ್ಟು ತರಿಸಬೇಡಿ. ತಪಾಸಣೆ ಇಲ್ಲದೆ ಬೀಜ ತರುವುದು ಕಾನೂನಿಗೂ ವಿರುದ್ಧ. ಅದೂ ಬಿಡಿ, ಕಾಂಗ್ರೆಸ್ ಗಿಡ ಹೇಗೆ ಬಂತು, ನಮ್ಮ ಹೊಲ ಏನಾಯಿತು ಅಂತ ನೀವೇ ನೋಡಿದ್ದೀರಿ. ಲಂಟಾನಕ್ಕೂ ಚಿಟ್ಟೆ ಬರುತ್ತದೆ ಅಲ್ವಾ? ಹಾಗಂತ ಬಂಡೀಪುರದಲ್ಲಿ ಅದು ಬೆಳೆಯಲಿ ಅಂತ ಯಾರಾದರೂ ಹೇಳುತ್ತೇವಾ?

ನಾನು ಗದಗ ಕಡೆ ರೈತ. ನಮ್ಮಲ್ಲೇ ಎತ್ತರದ ಹಳದಿ ಹೂವಿನ ದ್ವಿದಳ ಗಿಡ ಇದೆ, ಸೆಣಬು. ಹಸಿರೆಲೆ ಗೊಬ್ಬರಕ್ಕೆ ಹಾಕುತ್ತೇವಲ್ಲ ಅದೇ. ಆಳೆತ್ತರ ಬೆಳೆಯುತ್ತದೆ. ಎಲ್ಲರೂ ಹೂ ಬರುವ ಹೊತ್ತಿಗೆ ಮಣ್ಣಿಗೆ ಹೊಡೆಯುತ್ತಾರೆ, ಅದು ಸರಿಯೇ, ಹೂ ಬಲಿತರೆ ಕಡ್ಡಿ ನಾರಾಗಿ ಬೇಗ ಕೊಳೆಯುವುದಿಲ್ಲ. ನಾನು ಬದುವಿನ ಪಕ್ಕ ಎರಡು ಸಾಲು ಮಾತ್ರ ಬಿಡುತ್ತೇನೆ. ಸೆಣಬಿನ ಹೂ ಬಿಗಿ. ಸಣ್ಣ ಹುಳ ಕೂತರೆ ಬಾಯಿ ಬಿಡುವುದಿಲ್ಲ. ಒಣಮರ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿ ಬಂದು ತನ್ನ ಭಾರ ಹಾಕಿದರೇ ಆ ಬಾಗಿಲು ತೆಗೆಯುವುದು. ಒಂದು ಹೂವಿಗೆ ಎರಡು ಮೂರು ಕ್ಷಣ, ಮತ್ತೆ ಮುಂದಿನದು. ಅದೇ ದುಂಬಿ ಸಂಜೆ ಪಕ್ಕದ ತೊಗರಿ ಸಾಲಿಗೂ ಹೋಗುತ್ತದೆ.

ಬೇಲಿಗೆ ಹಾಕಿದ ಹಳೇ ಮರದ ಗೂಟ ಕಿತ್ತು ಕಲ್ಲು ಕಂಬ ನೆಡುವಾಗ ಎರಡು ಗೂಟ ಹಾಗೇ ಬಿಟ್ಟೆ, ಅದರಲ್ಲಿ ದುಂಬಿಯ ತೂತು ಇತ್ತು. ಅವಕ್ಕೆ ಹೂವಿನಷ್ಟೇ ಮನೆಯೂ ಬೇಕು.

ತುಡುವೆ

ಸರಿ, ತರಿಸುವುದಿಲ್ಲ. ತುಡುವೆ ಚಿಕ್ಕದಲ್ವಾ, ಸೆಣಬಿನ ಹೂ ಅದಕ್ಕೆ ಆಗಲಿಕ್ಕಿಲ್ಲ. ಆದರೂ ತೋಟದ ಅಂಚಿಗೆ ಕರಿ ದುಂಬಿಗಾಗಿ ಹಾಕುತ್ತೇನೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ನಮ್ಮ ಕಡೆ ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿತ್ತು. ಮರಿಗಳು ಗೂಡಿನಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದು ನನಗೆ ನೆನಪಿದೆ. ಆಗಿನಿಂದ, ಹುಳ ಇರುವಾಗಲೇ ಅದರ ಬಗ್ಗೆ ಯೋಚಿಸಬೇಕು ಅಂತ ನನಗೆ ಅನ್ನಿಸುತ್ತದೆ.

ನೀಲಿ ಗುಬ್ಬಿ

ಒಂದು ಪ್ರಶ್ನೆ. ಸ್ವೀಟ್ ಕ್ಲೋವರ್ ಕಿತ್ತು ಹಸು ಇರುವವರಿಗೆ ಮೇವಿಗೆ ಕೊಡಬಹುದಾ? ಪಂಜಾಬಿನ ನನ್ನ ಗೆಳತಿ ಅವರ ಊರಲ್ಲಿ ಸೆಂಜಿ ಅಂತ ಇದರ ಜಾತಿಯದನ್ನೇ ದನಕ್ಕೆ ಹಾಕುತ್ತಾರೆ ಅಂದಳು.

ಪ್ರೇರಿ ನಡಿಗೆ

ಹಸಿಯಾಗಿ ಮಿತದಲ್ಲಿ ಮೇದರೆ ತೊಂದರೆಯಿಲ್ಲ. ಬೂಷ್ಟು ಹಿಡಿದ ಒಣ ಮೇವು ಮಾತ್ರ ಅಪಾಯ. ಇದರ ಹಿಂದೆ ನಮ್ಮ ವಿಸ್ಕಾನ್ಸಿನ್‌ನ ಒಂದು ಕತೆ ಇದೆ, ಪೂರ್ತಿ ಹೇಳಿಬಿಡುತ್ತೇನೆ.

1920ರ ದಶಕದ ಆರಂಭದಲ್ಲಿ ಕೆನಡಾದಲ್ಲಿ, ಉತ್ತರ ಡಕೋಟದಲ್ಲಿ ದನಗಳು ಸುಮ್ಮಸುಮ್ಮನೆ ರಕ್ತ ಸೋರಿ ಸಾಯಲು ಶುರುವಾದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದಕ್ಕೆ ಹಾಳಾದ ಸ್ವೀಟ್ ಕ್ಲೋವರ್ ಮೇವು ಕಾರಣ ಅಂತ ತೋರಿಸಿದರು. ಒಳಗೆ ಏನಿದೆ ಅಂತ ಮಾತ್ರ ಗೊತ್ತಾಗಲಿಲ್ಲ. 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿಯ ನಡುವೆ, ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಒಂದು ಹೊರೆ ಮೇವು ಹೇರಿಕೊಂಡು ಮ್ಯಾಡಿಸನ್‌ಗೆ ಬಂದ. ಕಂಡದ್ದು ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದ ಬಾಗಿಲು. ಲಿಂಕ್ ತಂಡ ವರ್ಷಗಟ್ಟಲೆ ಹುಡುಕಿ 1939ರಲ್ಲಿ ಮೇವಿನೊಳಗಿನ ಆ ವಿಷವನ್ನು ಬೇರ್ಪಡಿಸಿತು.

ಈ ಗಿಡ ಒಣಗುವಾಗ ಹೊಸ ಹುಲ್ಲಿನ, ವೆನಿಲ್ಲಾದ ಹಾಗೆ ಘಮ ಬರುತ್ತದಲ್ಲ, ಅದು ಕೂಮರಿನ್. ಬೂಷ್ಟು ಅದನ್ನು ಡೈಕೂಮರಾಲ್ ಮಾಡುತ್ತದೆ. ಅದು ವಿಟಮಿನ್ ಕೆ ಕೆಲಸ ತಡೆದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಅದೇ ಜಾತಿಯ ಇನ್ನೂ ಬಲವಾದ ಒಂದು ರಾಸಾಯನಿಕ 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಅದೇ ವಾರ್ಫರಿನ್. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್‌ನ ಮೊದಲಕ್ಷರಗಳು ಆ ಹೆಸರಿನಲ್ಲಿವೆ.

ಹಾಗಾಗಿ ಕಿತ್ತದ್ದನ್ನು ರಾಶಿ ಹಾಕಿ ಯಾರ ದನಕ್ಕೂ ಕೊಡಬೇಡಿ.

ಸಂಜೆ ಮಳೆ

ಓದುತ್ತಾ ಇದ್ದವಳು ಇಲ್ಲಿ ನಿಂತುಬಿಟ್ಟೆ. ನಮ್ಮ ತಂದೆಗೆ ಹೃದಯದ ಕವಾಟ ಬದಲಾಯಿಸಿ ಆರು ವರ್ಷವಾಯಿತು. ಆಗಿನಿಂದ ದಿನಾ ರಾತ್ರಿ ವಾರ್ಫರಿನ್. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್ಆರ್ ಪರೀಕ್ಷೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಸೊಪ್ಪಿನಲ್ಲಿ ಅದೇ ವಿಟಮಿನ್ ಕೆ ಇರುತ್ತದೆ, ಒಂದು ವಾರ ಜಾಸ್ತಿ, ಒಂದು ವಾರ ಇಲ್ಲ ಅಂತ ಮಾಡಬೇಡಿ, ದಿನಾ ಒಂದೇ ಅಳತೆ ಇರಲಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಮೆಂತ್ಯ ಸೊಪ್ಪನ್ನು ಅಳೆದು ಹಾಕುತ್ತೇವೆ. ಆ ಮಾತ್ರೆಯ ಹಿಂದೆ ಮೆಂತ್ಯದ ಹಾಗೇ ಕಾಣುವ ಒಂದು ಗಿಡ, ಹಿಮದಲ್ಲಿ ಕಡಸು ಹೊತ್ತು ಬಂದ ಒಬ್ಬ ರೈತ ಇದ್ದಾನೆ ಅಂತ ಇವತ್ತೇ ಗೊತ್ತಾದದ್ದು. ಅಪ್ಪನಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡರು.

ಬದುವಿನ ಹೂ

ಎಲ್ಲರಿಗೂ ಧನ್ಯವಾದ. ಕೀಳುತ್ತೇನೆ. ಪ್ರೇರಿ ನಡಿಗೆ ಅವರೇ, ಹೇಗೆ ಅಂತ ಬರೆಯಿರಿ. ಹೂ ಬಿಟ್ಟವು ನೂರರ ಮೇಲಿವೆ, ಮೊಳಕೆ ಅದಕ್ಕಿಂತ ಎಷ್ಟೋ ಪಟ್ಟು.

ಪ್ರೇರಿ ನಡಿಗೆ

ಹೂ ಬಿಟ್ಟವನ್ನು ಮೊದಲು ಮುಗಿಸಿ, ಅವು ಬೀಜ ಕಟ್ಟುವ ಮೊದಲು. ನೆಲಕ್ಕೆ ತಾಗುವಷ್ಟು ಕೆಳಗೆ ಕತ್ತರಿಸಿ. ಎರಡನೇ ವರ್ಷದ ಗಿಡವನ್ನು ಹೂವಿನ ಹೊತ್ತಿಗೆ ಹಾಗೆ ಕತ್ತರಿಸಿದರೆ ಮತ್ತೆ ಚಿಗುರುವುದು ಕಡಿಮೆ. ಮೇಲೆ ಮೇಲೆ ಸವರಿದರೆ ಪಕ್ಕದಿಂದ ಹೊಸ ಕೊಂಬೆ ಬಂದು ಗಿಡ್ಡಗೆ ಹೂ ಬಿಟ್ಟುಬಿಡುತ್ತದೆ. ಹಸಿರು ಕಾಯಿ ಬಂದಿದ್ದರೆ ಅಲ್ಲೇ ಬಿಸಾಡಬೇಡಿ, ಚೀಲಕ್ಕೆ ಹಾಕಿ.

ಈ ವರ್ಷದ ಮೊಳಕೆಗಳನ್ನು ಮಳೆ ಬಂದ ಮಾರನೇ ದಿನ ಬೇರು ಸಮೇತ ಎಳೆಯಿರಿ. ಕಾಂಡ ತುಂಡಾಗಿ ಬುಡ ಮಣ್ಣಿನಲ್ಲೇ ಉಳಿದರೆ ಅದರ ಮೊಗ್ಗಿನಿಂದ ಮತ್ತೆ ಬರುತ್ತದೆ. ಅಜ್ಜನ ಹುಲ್ಲುಗಾವಲಿನೊಳಗೆ ಗುದ್ದಲಿ ಮಾತ್ರ ಬೇಡ. ಮಣ್ಣು ಕೆದಕಿದರೆ ಇನ್ನಷ್ಟು ಬೀಜ ಏಳುತ್ತದೆ. ಐದಾರು ವರ್ಷವಾದರೂ ಬೇಸಿಗೆಗೆ ಎರಡು ಸಲ ಸುತ್ತು ಹಾಕಬೇಕು.

ಆ ಜಾಗಕ್ಕೆ ಏನು ಅಂತ ಕೇಳುತ್ತೀರಿ. ಎತ್ತರದ ದ್ವಿದಳವೇ ಬೇಕಾದರೆ ಕೆನಡಾ ಮಿಲ್ಕ್‌ವೆಚ್. ಮೂರು ನಾಲ್ಕು ಅಡಿ, ಕೆನೆ ಬಣ್ಣದ ಹೂಗೊಂಚಲು, ಇಲ್ಲಿಯದೇ ಗಿಡ. ಅದರ ಜೊತೆ ನೇರಳೆ ಪ್ರೇರಿ ಕ್ಲೋವರ್. ಇವೆರಡೂ ನಿಧಾನ. ಮೊದಲ ವರ್ಷವೇ ಹೂ ಬೇಕು ಅನ್ನಿಸಿದರೆ ಪಾರ್ಟ್ರಿಡ್ಜ್ ಪೀ ಸೇರಿಸಿ, ಅದು ಒಂದೇ ವರ್ಷದ ಗಿಡ. ಸೆಪ್ಟೆಂಬರ್‌ಗೆ ಗೋಲ್ಡನ್‌ರಾಡ್, ಆಸ್ಟರ್. ನಿಮ್ಮ ರಾಜ್ಯದಲ್ಲಿ ಲಾನ್ಸ್ ಟು ಲೆಗ್ಯೂಮ್ಸ್ ಅಂತ ಸರ್ಕಾರದ ಯೋಜನೆ ಇದೆ, ದುಂಬಿಗಳಿಗೆ ಗಿಡ ಹಾಕುವವರ ಖರ್ಚಿನಲ್ಲಿ ಒಂದು ಪಾಲು ವಾಪಸ್ ಕೊಡುತ್ತಾರೆ. ಅರ್ಜಿ ಹಾಕಿ ನೋಡಿ.

ಡಕೋಟ ಜೇನುಪೆಟ್ಟಿಗೆ

ಪ್ರೇರಿ ಪಕ್ಕದಲ್ಲಿದೆ ಅನ್ನುವುದನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತಗೊಂಡಿರಲಿಲ್ಲ. ಒಪ್ಪಿದೆ. ನಮ್ಮ ಪೆಟ್ಟಿಗೆಯ ಜೇನು ಸಾಕಿದ ಹುಳ, ಹೂ ಸಿಗದಿದ್ದರೆ ಸಕ್ಕರೆ ಪಾಕ ಕೊಟ್ಟಾದರೂ ಉಳಿಸಿಕೊಳ್ಳುತ್ತೇವೆ. ಕಾಡು ದುಂಬಿಗೆ ಪಾಕ ಕೊಡುವವರು ಯಾರೂ ಇಲ್ಲ. ಅಕ್ಕ, ಕಿತ್ತ ಜಾಗ ಈ ಬೇಸಿಗೆಯೆಲ್ಲ ಖಾಲಿ ಕಾಣುತ್ತದೆ. ಎದೆಗುಂದಬೇಡಿ.

ಬದುವಿನ ಹೂ · ನವೆಂಬರ್ 2024

ಆಮೇಲೆ ಏನಾಯಿತು ಅಂತ ಸುದ್ದಿ ಕೊಡುತ್ತೇನೆ. ಜೂನ್ ಕೊನೆಯ ಎರಡು ವಾರ ಬೆಳಿಗ್ಗೆ ಐದಕ್ಕೇ ಎದ್ದು ಕತ್ತರಿಸಿದೆ, ದುಂಬಿಗಳು ಹೂವಿಗೆ ಬರುವ ಮೊದಲು. ಹೂವಿನ ಮೇಲೇ ಮಲಗಿದ್ದ ಬಂಬಲ್ ಬೀ ಸಿಕ್ಕರೆ ಕಡ್ಡಿ ಸಮೇತ ಪಕ್ಕಕ್ಕಿಟ್ಟು, ಬಿಸಿಲು ಬಂದು ಅದು ಹಾರಿಹೋಗುವ ತನಕ ಕಾದೆ. ಆ ಕೆಲಸ ಮನಸ್ಸಿಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಅಜ್ಜನ ಕಡೆ ಮೊಳಕೆ ಎಳೆಯಲು ಹೋದಾಗ ಅವರೂ ಕುರ್ಚಿ ಹಾಕಿಕೊಂಡು ಕೂತು ಕೈಗೆ ಸಿಕ್ಕಿದ್ದನ್ನು ಎಳೆದರು. ಒಟ್ಟು ಹದಿನಾಲ್ಕು ಚೀಲ.

ಇಲ್ಲಿ ಹೊಸ ಬೀಜ ಚೆಲ್ಲುವುದು ಚಳಿ ಹಿಡಿದ ಮೇಲೆ. ಆಗ ಬೀಜ ಮೊಳೆಯುವುದಿಲ್ಲ, ಹಿಮದ ಕೆಳಗೆ ನೆನೆದು ವಸಂತಕ್ಕೆ ಏಳುತ್ತದೆ. ಒದ್ದೆ ಮರಳಿನ ಜೊತೆ ಕಲೆಸಿ, ರಾಗಿ ಚೆಲ್ಲುವ ಹಾಗೆ ಚೆಲ್ಲಿದೆ. ಮಣ್ಣು ಮುಚ್ಚಲಿಲ್ಲ, ಸುಮ್ನೆ ಕಾಲಲ್ಲಿ ತುಳಿದೆ. ಮಗಳು ಕುಣಿದು ತುಳಿದಳು.

ಬದುವಿನ ಹೂ · ಆಗಸ್ಟ್ 2025

ಮಿಲ್ಕ್‌ವೆಚ್ ಇನ್ನೂ ಮೊಣಕಾಲು ದಾಟಿಲ್ಲ. ಪ್ರೇರಿ ಕ್ಲೋವರ್ ಹುಡುಕಿ ನೋಡಬೇಕು, ಅಷ್ಟು ಸಣ್ಣ. ಆದರೆ ಪಾರ್ಟ್ರಿಡ್ಜ್ ಪೀ ಹೂ ಬಿಟ್ಟಿದೆ. ಮೊದಲ ಹೂ ನೋಡಿದಾಗ, ಅರೆ ನಮ್ಮ ತಂಗಡಿ ಹೂವಲ್ವಾ ಅನ್ನಿಸಿತು. ಅದೇ ಹಳದಿ, ಅದೇ ಥರ ಐದು ದಳ. ಎಲೆಗೆ ಕೈ ತಾಗಿದರೆ ಮುಟ್ಟಿದರೆ ಮುನಿ ಗಿಡದ ಹಾಗೆ ಮೆಲ್ಲಗೆ ಮಡಚಿಕೊಳ್ಳುತ್ತದೆ.

ಬಂಬಲ್ ಬೀ ಇದರ ಮೇಲೆ ಕೂರುವುದೇ ಬೇರೆ ರೀತಿ. ಇದರ ಪರಾಗದ ಚೀಲ ಪೂರ್ತಿ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ಕಿಂಡಿ ಮಾತ್ರ. ದುಂಬಿ ಅದನ್ನು ತಬ್ಬಿ ಹಿಡಿದು, ರೆಕ್ಕೆ ಆಡಿಸದೆ ಮೈ ನಡುಗಿಸುತ್ತದೆ. ಆಗ ಹಾರುವಾಗಿನ ಸದ್ದಲ್ಲ, ಅದಕ್ಕಿಂತ ತೀಕ್ಷ್ಣವಾಗಿ ಜ್ಝೀ ಅನ್ನುತ್ತದೆ. ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಪರಾಗ ಉದುರಿ ಅದರ ಹೊಟ್ಟೆಗೆ ಅಂಟುತ್ತದೆ. ಮಗಳು ಈಗ ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ, ದುಂಬಿ ಹಾರುತ್ತಿದೆಯಾ, ಹೂ ಅಲುಗಿಸುತ್ತಿದೆಯಾ ಅಂತ.

ಸ್ವೀಟ್ ಕ್ಲೋವರ್ ಈ ವರ್ಷವೂ ಎದ್ದಿತ್ತು. ನಾಲ್ಕು ಚೀಲ.

ಕಪ್ಪುನೆಲ

ತಂಗಡಿ ಮೇಲೂ ನಮ್ಮ ಕರಿ ದುಂಬಿ ಹಾಗೇ ಸದ್ದು ಮಾಡುತ್ತದೆ ಅಕ್ಕ. ನಾಳೆ ಬೆಳಿಗ್ಗೆ ರಸ್ತೆ ಬದಿಯ ಗಿಡದ ಹತ್ತಿರ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿ ಕಳಿಸುತ್ತೇನೆ, ಮಗಳಿಗೆ ಕೇಳಿಸಿ. ಎರಡು ಸದ್ದು ಒಂದೇ ಥರ ಇದೆಯಾ ಅಂತ ಅವಳೇ ಹೇಳಲಿ.